ತುಪ್ಪದ ಮಿಳ್ಳೆಯೂ ಹೃದಯದ ಆರೋಗ್ಯವೂ

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಹೋಬಳಿಯು ರೇಷ್ಮೆಗೂ ಹಾಲಿಗೂ ಹೆಸರಾದ ಬಯಲುಸೀಮೆಗೆ ಸೇರಿದ್ದು. ಕೆರೆ ಬಾವಿಗಳನ್ನೇ ನೆಚ್ಚಿದ ಈ ನೆಲದಲ್ಲಿ ರಾಗಿ, ಹುರುಳಿ, ಅವರೆ, ಕಡಲೆಕಾಯಿಗಳು ಬಹುಕಾಲದಿಂದ ಜನರ ಆಹಾರವನ್ನು ರೂಪಿಸಿವೆ. ಮುದ್ದೆ, ಬಸ್ಸಾರು, ಮಜ್ಜಿಗೆ ದಿನನಿತ್ಯದ ಊಟ. ಹಬ್ಬದ ದಿನ ಒಬ್ಬಟ್ಟಿನ ಮೇಲೆ ತುಪ್ಪದ ಮಿಳ್ಳೆ ಬಾಗುವುದು ಸಂಪ್ರದಾಯ. ಆ ಮಿಳ್ಳೆಯನ್ನು ಕುರಿತು ಈಗ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಆಸ್ಪತ್ರೆಗೆ ಹೋಗಿಬಂದವರ ಮನೆಯಲ್ಲಿ ತುಪ್ಪವು ವಿಷವೆನಿಸಿಕೊಂಡಿದೆ. ಪಕ್ಕದ ಮನೆಯಲ್ಲಿ, ತಾತ ತೊಂಬತ್ತು ವರ್ಷ ತುಪ್ಪ ಉಂಡೇ ಬಾಳಿದನೆಂಬ ವಾದ ನಡೆಯುತ್ತದೆ. ಭಾರತೀಯರಿಗೆ ಹೃದಯಾಘಾತವು ಪಾಶ್ಚಾತ್ಯರಿಗಿಂತ ಕಿರಿಯ ವಯಸ್ಸಿನಲ್ಲಿಯೇ ಒದಗುತ್ತಿರುವುದರಿಂದ ಇದು ಕೇವಲ ಜಗಲಿಯ ಹರಟೆಯಾಗಿ ಉಳಿದಿಲ್ಲ.

ಮೊದಲು ಪದಾರ್ಥದ ಸ್ವರೂಪವನ್ನು ತಿಳಿಯಬೇಕು. ಕೊಬ್ಬಿನ ಮೂಲಾಂಶವಾದ ಮೇದಾಮ್ಲಗಳು ಇಂಗಾಲದ ಪರಮಾಣುಗಳ ಸರಪಣಿಗಳು. ಸರಪಣಿಯ ಪ್ರತಿಯೊಂದು ಕೊಂಡಿಯೂ ತಾನು ಹಿಡಿಯಬಲ್ಲಷ್ಟು ಜಲಜನಕವನ್ನು ಹಿಡಿದಿದ್ದರೆ ಅದು ಪರ್ಯಾಪ್ತ ಕೊಬ್ಬು. ಕೆಲವೆಡೆ ಜಲಜನಕ ಕಡಿಮೆಯಾಗಿ ಜೋಡಿ ಬಂಧಗಳಿದ್ದರೆ ಅಪರ್ಯಾಪ್ತ. ಪುಷ್ಯಮಾಸದ ಚಳಿಯಲ್ಲಿ ತುಪ್ಪವೂ ಕೊಬ್ಬರಿ ಎಣ್ಣೆಯೂ ಹೆಪ್ಪುಗಟ್ಟಿದಾಗ ಕಡಲೆಕಾಯಿ ಎಣ್ಣೆ ಹರಿಯುತ್ತಲೇ ಇರುವುದು ಈ ಭೇದದಿಂದಲೇ. ಆದರೆ ಯಾವ ಜಿಡ್ಡೂ ಪೂರ್ತಿಯಾಗಿ ಒಂದೇ ಬಗೆಯದಲ್ಲ. ತುಪ್ಪದಲ್ಲಿ ಪರ್ಯಾಪ್ತ ಭಾಗವು ನೂರಕ್ಕೆ ಸುಮಾರು 60ರಿಂದ 65. ಕೊಬ್ಬರಿ ಎಣ್ಣೆಯಲ್ಲಿ 90ರ ಆಸುಪಾಸು. ತಾಳೆ ಎಣ್ಣೆಯಲ್ಲಿ ಅರ್ಧದಷ್ಟು. ಕಡಲೆಕಾಯಿ ಎಣ್ಣೆಯಲ್ಲಿ ಐದರಲ್ಲೊಂದು ಪಾಲಿಗಿಂತ ತುಸು ಕಡಿಮೆ.

ಪರ್ಯಾಪ್ತ ಕೊಬ್ಬು ಹೆಚ್ಚಾದಂತೆ ಯಕೃತ್ತು ರಕ್ತದಲ್ಲಿರುವ ಎಲ್.ಡಿ.ಎಲ್. ಎಂಬ ಕೊಲೆಸ್ಟರಾಲ್ ವಾಹಕವನ್ನು ಹಿಂದಕ್ಕೆ ಸೆಳೆದುಕೊಳ್ಳುವುದು ಕುಗ್ಗುತ್ತದೆ. ರಕ್ತದಲ್ಲಿ ಉಳಿದುಹೋದ ಎಲ್.ಡಿ.ಎಲ್. ವರ್ಷಗಳು ಕಳೆದಂತೆ ಅಪಧಮನಿಗಳ ಗೋಡೆಯಲ್ಲಿ ಸೇರಿಕೊಂಡು ರಕ್ತದ ದಾರಿಯನ್ನು ಕಿರಿದಾಗಿಸುತ್ತದೆ. ಈ ಭಾಗದಲ್ಲಿ ವಿಜ್ಞಾನಿಗಳಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಅಮೆರಿಕದ ಆನ್ಸೆಲ್ ಕೀಸ್ 1958ರಲ್ಲಿ ಆರಂಭಿಸಿದ ಏಳು ದೇಶಗಳ ಅಧ್ಯಯನವು ಈ ಸಂಬಂಧವನ್ನು ಜಗತ್ತಿನ ಗಮನಕ್ಕೆ ತಂದಿತು. ಆ ಏಳರಲ್ಲಿ ಭಾರತವಿರಲಿಲ್ಲ.

ಭಾರತದ ಚಿತ್ರವು ಬೇರೊಂದು ಮೂಲೆಯಿಂದ, ರೈಲ್ವೆಯ ವೈದ್ಯಕೀಯ ದಾಖಲೆಗಳಿಂದ, ಬಂದಿತು. ರೈಲ್ವೆಯ ವೈದ್ಯರಾಗಿದ್ದ ಎಸ್. ಎಲ್. ಮಲ್ಹೋತ್ರಾ ಅವರು 1967ರಲ್ಲಿ ಪ್ರಕಟಿಸಿದ ಲೇಖನವು ದೇಶದ ಬೇರೆ ಬೇರೆ ಭಾಗಗಳ ರೈಲ್ವೆ ನೌಕರರನ್ನು ಹೋಲಿಸಿತ್ತು. ಹಾಲು ತುಪ್ಪಗಳನ್ನು ಧಾರಾಳವಾಗಿ ಉಣ್ಣುವ ಉತ್ತರದವರಿಗಿಂತ, ಕಡಿಮೆ ಜಿಡ್ಡನ್ನು, ಅದರಲ್ಲೂ ಹೆಚ್ಚಾಗಿ ಬೀಜದ ಎಣ್ಣೆಗಳನ್ನು ಬಳಸುವ ದಕ್ಷಿಣದವರಲ್ಲಿ ಹೃದ್ರೋಗದ ಮರಣ ಸುಮಾರು ಏಳು ಪಟ್ಟು ಹೆಚ್ಚಾಗಿ ಕಂಡಿತು. ತುಪ್ಪದ ಪಕ್ಷಪಾತಿಗಳು ಇದನ್ನು ಇಂದಿಗೂ ಎತ್ತಿಹಿಡಿಯುವುದುಂಟು. ಆದರೆ ಎರಡು ಪ್ರದೇಶಗಳ ಜನರಲ್ಲಿ ಭೇದವಿದ್ದುದು ಜಿಡ್ಡಿನಲ್ಲಿ ಮಾತ್ರವಲ್ಲ. ಧಾನ್ಯ, ದುಡಿಮೆ, ಅಭ್ಯಾಸಗಳೂ ಬೇರೆ ಬೇರೆಯಾಗಿದ್ದವು. ಈ ಅಧ್ಯಯನವು ತುಪ್ಪವೊಂದೇ ಅಪರಾಧಿಯಲ್ಲವೆಂದು ಹೇಳಬಲ್ಲುದೇ ಹೊರತು ಅದು ನಿರಪರಾಧಿಯೆಂದು ಹೇಳಲಾರದು.

ಇಂತಹ ಹೋಲಿಕೆಗಳಿಗಿಂತ, ಜನರನ್ನು ಎರಡು ಗುಂಪು ಮಾಡಿ ಒಂದು ಗುಂಪಿನ ಆಹಾರವನ್ನು ಬದಲಿಸಿ ನೋಡುವ ಪ್ರಯೋಗಗಳಿಗೆ ಬೆಲೆ ಹೆಚ್ಚು. ಕನಿಷ್ಠ ಎರಡು ವರ್ಷ ನಡೆದ ಅಂತಹ ಪ್ರಯೋಗಗಳನ್ನು ಒಟ್ಟುಗೂಡಿಸಿ 2020ರಲ್ಲಿ ಹೊರಬಂದ ಕಾಕ್ರೇನ್ ಪರಾಮರ್ಶೆಯ ಪ್ರಕಾರ, ಪರ್ಯಾಪ್ತ ಕೊಬ್ಬನ್ನು ತಗ್ಗಿಸಿದವರಲ್ಲಿ ಹೃದಯ ಮತ್ತು ರಕ್ತನಾಳಗಳ ಅನಾಹುತಗಳು ನೂರಕ್ಕೆ ಸುಮಾರು 17ರಷ್ಟು ಕಡಿಮೆಯಾದವು. ಒಟ್ಟು ಮರಣದಲ್ಲಿ ಮಾತ್ರ ಸ್ಪಷ್ಟವಾದ ಇಳಿಕೆ ಕಾಣಲಿಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆಯೊಂದಿದೆ: ಬಿಟ್ಟ ತುಪ್ಪದ ಜಾಗಕ್ಕೆ ಬಂದದ್ದು ಏನು? ಕಡಲೆಕಾಯಿ, ಎಳ್ಳು, ಸೂರ್ಯಕಾಂತಿ ಮುಂತಾದವುಗಳ ಅಪರ್ಯಾಪ್ತ ಕೊಬ್ಬು ಬಂದರೆ ಲಾಭವುಂಟು. ಪಾಲಿಷ್ ಅಕ್ಕಿ, ಮೈದಾ, ಸಕ್ಕರೆ ಬಂದರೆ ಲಾಭ ಕರಗಿಹೋಗುತ್ತದೆ.

ಈ ಮಾತು ಬಯಲುಸೀಮೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಮುದ್ದೆಯಿದ್ದ ತಟ್ಟೆಯಲ್ಲಿ ಈಗ ಬಿಳಿ ಅನ್ನವೇ ಹೆಚ್ಚು. ಸಂಜೆಗೆ ಬೇಕರಿಯ ಬನ್ನು, ಸಕ್ಕರೆ ಬೆರೆತ ಕಾಫಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದ ದೇಶವ್ಯಾಪಿ ಸಮೀಕ್ಷೆಯೊಂದು 2025ರಲ್ಲಿ ಪ್ರಕಟವಾಗಿ, ಭಾರತೀಯರ ಆಹಾರಶಕ್ತಿಯಲ್ಲಿ ನೂರಕ್ಕೆ 62 ಭಾಗ ಶರ್ಕರಪಿಷ್ಟದಿಂದಲೇ ಬರುತ್ತದೆಂದು ತೋರಿಸಿತು. ಅದೇ ಸಮೀಕ್ಷೆ ಬಹುಪಾಲು ರಾಜ್ಯಗಳಲ್ಲಿ ಪರ್ಯಾಪ್ತ ಕೊಬ್ಬೂ ಮಿತಿ ಮೀರಿದೆ ಎಂದಿತು. ಎರಡೂ ಕೈಗೆ ಎರಡು ತಪ್ಪು!

ತುಪ್ಪದ ಬದಲಿಗೆ ಬಂದವುಗಳಲ್ಲಿ ಅತ್ಯಂತ ಕೆಟ್ಟದ್ದು ವನಸ್ಪತಿ. 1937ರಲ್ಲಿ ಡಾಲ್ಡಾ ಎಂಬ ಹೆಸರಿನಿಂದ ಬಂದು ಮನೆಮಾತಾದ ಈ ಜಿಡ್ಡು, ಸಸ್ಯದ ಎಣ್ಣೆಗೆ ಜಲಜನಕವನ್ನು ಹಾಯಿಸಿ ಗಟ್ಟಿ ಮಾಡಿದ್ದು. ಆ ಕ್ರಿಯೆ ಅರೆಬರೆಯಾದಾಗ ಹುಟ್ಟುವ ಟ್ರಾನ್ಸ್ ಕೊಬ್ಬು ತುಪ್ಪಕ್ಕಿಂತಲೂ ಹೃದಯಕ್ಕೆ ಕೇಡು. ಜಿಡ್ಡು ಪದಾರ್ಥಗಳಲ್ಲಿ ಅದು ನೂರಕ್ಕೆ 2ನ್ನು ಮೀರಬಾರದೆಂಬ ನಿಯಮ ಭಾರತದಲ್ಲಿ 2022ರ ಜನವರಿಯಿಂದ ಜಾರಿಗೆ ಬಂದಿತು. ತುಪ್ಪಕ್ಕೆ ಹೆದರಿ ವನಸ್ಪತಿಗೆ ಶರಣಾದ ತಲೆಮಾರಿನ ಮಟ್ಟಿಗೆ ಅದು ತಡವಾಗಿಯೇ ಬಂದಿತೆನ್ನಬೇಕು.

ಹಾಗಾದರೆ ಅಳತೆ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆಯ 2023ರ ಸೂಚನೆಯಂತೆ ಪರ್ಯಾಪ್ತ ಕೊಬ್ಬು ದಿನದ ಶಕ್ತಿಯಲ್ಲಿ ನೂರಕ್ಕೆ 10ನ್ನು ಮೀರಬಾರದು. ಕೊಬ್ಬಿನ ಒಂದು ಗ್ರಾಮಿಗೆ 9 ಕ್ಯಾಲೊರಿ. ಆದ್ದರಿಂದ 2000 ಕ್ಯಾಲೊರಿಯ ಊಟದವರಿಗೆ 22 ಗ್ರಾಂ. ಈಗ ಒಂದು ಸಾಧಾರಣ ದಿನದ ಲೆಕ್ಕ ಹಾಕಬಹುದು. ನೂರಕ್ಕೆ 3 ಜಿಡ್ಡಿರುವ ಹಾಲು, ಮೊಸರು ಸೇರಿ ಅರ್ಧ ಲೀಟರಿನಲ್ಲಿ 9ರಿಂದ 10 ಗ್ರಾಂ. ಎರಡು ಚಹಾ ಚಮಚ ತುಪ್ಪದಲ್ಲಿ 6 ಗ್ರಾಂ. ಅಡುಗೆಗೆ ಬಳಸಿದ 20 ಗ್ರಾಂ ಕಡಲೆಕಾಯಿ ಎಣ್ಣೆಯಲ್ಲಿ ಮೂರೂವರೆ ಗ್ರಾಂ. ಮೊತ್ತ 19ರ ಸುಮಾರು, ಮಿತಿಯೊಳಗೇ ಇದೆ. ಇದಕ್ಕೆ ಚಟ್ನಿಗೆಂದು 20 ಗ್ರಾಂ ತೆಂಗಿನ ತುರಿ ಸೇರಿತೆಂದರೆ ಇನ್ನೂ 6 ಗ್ರಾಂ ಬಂದು ಮಿತಿ ಮೀರುತ್ತದೆ. ಕಾಯಿ ಚಟ್ನಿಯ ದಿನ ತುಪ್ಪಕ್ಕೆ ಬಿಡುವು ಕೊಡುವುದು, ಇಲ್ಲವೇ ಹುಚ್ಚೆಳ್ಳಿನ ಚಟ್ನಿ ಅರೆಯುವುದು ಕಷ್ಟದ ಕೆಲಸವೇನಲ್ಲ. ಹಾಲು ಮೊಸರುಗಳನ್ನು ಈ ಲೆಕ್ಕದ ನೆಪದಲ್ಲಿ ಕಡಿಯುವುದು ಮಾತ್ರ ಸಲ್ಲದು. ಸಸ್ಯಾಹಾರಿಗಳಿಗೆ ಸಸಾರಜನಕವನ್ನೂ ಸುಣ್ಣದಂಶವನ್ನೂ ಒದಗಿಸುವ ಆಹಾರವದು, ಬೆಣ್ಣೆಯಷ್ಟು ಎಲ್.ಡಿ.ಎಲ್. ಏರಿಸುವುದೂ ಇಲ್ಲ.

ತೊಂಬತ್ತು ವರ್ಷ ಬಾಳಿದ ತಾತನ ವಿಷಯ ಉಳಿಯಿತು. ಆತ ನೇಗಿಲು ಹಿಡಿದವನು, ಕಪಿಲೆ ಹೊಡೆದವನು, ಸಂತೆಗೆ ನಡೆದೇ ಹೋದವನು. ಕರೆದ ಹಾಲಿನಲ್ಲಿ ಮಜ್ಜಿಗೆ ಮನೆಗಾದರೆ ತುಪ್ಪದ ಬಹುಭಾಗ ಮಾರಾಟಕ್ಕೆ ಹೋಗುತ್ತಿದ್ದ ಮನೆಗಳೇ ಹೆಚ್ಚು. ಹಬ್ಬದ ಮಿಳ್ಳೆಯೇ ನೆನಪಿನಲ್ಲಿ ನಿತ್ಯದ್ದಾಗಿ ಕಾಣುತ್ತದೆ. ಐವತ್ತಕ್ಕೇ ಎದೆನೋವಿನಿಂದ ತೀರಿಕೊಂಡವರನ್ನು ವಾದಕ್ಕೆ ಸಾಕ್ಷಿಯಾಗಿ ಯಾರೂ ಕರೆಯುವುದಿಲ್ಲ. ಮೇಜಿನ ಮುಂದೆ ಕುಳಿತು ದುಡಿಯುವ ಮೊಮ್ಮಗನಿಗೆ ತಾತನ ತುಪ್ಪವಷ್ಟೇ ದಾಯವಾಗಿ ಬಂದು ದುಡಿಮೆ ಬಾರದಿದ್ದರೆ ಲೆಕ್ಕ ತಪ್ಪುತ್ತದೆ.

ಈ ಅಳತೆ ಎಲ್ಲರಿಗೂ ಒಂದೇ ಅಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಜಿಡ್ಡನ್ನು ಕಡಿಮೆ ಮಾಡಬಾರದು. ಬೆಳೆಯುವ ಮಿದುಳಿಗೆ ಅದು ಬೇಕು. ಎಲ್.ಡಿ.ಎಲ್. ಈಗಾಗಲೇ ಏರಿರುವವರು, ಸಕ್ಕರೆ ಕಾಯಿಲೆಯವರು, ಒಮ್ಮೆ ಹೃದಯಾಘಾತ ಕಂಡವರು ನೂರಕ್ಕೆ 7ನ್ನು, ಅಂದರೆ 15 ಗ್ರಾಮಿನ ಸುಮಾರನ್ನು, ಮಿತಿಯಾಗಿಟ್ಟುಕೊಂಡು ರಕ್ತಪರೀಕ್ಷೆಯ ಫಲಿತಾಂಶದೊಡನೆ ವೈದ್ಯರನ್ನು ಕಾಣಬೇಕು. ಅಂಥವರ ತಟ್ಟೆಗೆ ತುಪ್ಪವನ್ನು ಮಿಳ್ಳೆಯಿಂದ ಬಗ್ಗಿಸುವುದಕ್ಕಿಂತ ಚಮಚದಲ್ಲಿ ಅಳೆದು ಬಡಿಸುವುದು ಲೇಸು.