ಡಾಕ್ಟರ ಹತ್ತಿರ ಕೇಳದೆ ಉಳಿದದ್ದು

ನಾನು ತಾಲ್ಲೂಕು ಊರೊಂದರಲ್ಲಿ ಮೆಡಿಕಲ್ ಶಾಪ್ ನಡೆಸುವವಳು. ಮಕ್ಕಳಾಗಲಿಲ್ಲವೆಂದು ಚಿಕಿತ್ಸೆಗೆ ಹೋಗುವವರು ಡಾಕ್ಟರನ್ನು ಕಾಣಲು ತಿಂಗಳಿಗೊಮ್ಮೆ ದಾವಣಗೆರೆಯ ಬಸ್ಸು ಹತ್ತುತ್ತಾರೆ. ಅಲ್ಲಿ ಬಾಯಿಗೆ ಬಾರದ ಪ್ರಶ್ನೆಯನ್ನು ನನ್ನ ಹತ್ತಿರ ತೆಗೆಯುತ್ತಾರೆ, ಅದೂ ಬಿ.ಪಿ. ಮಾತ್ರೆಗೆ ನಿಂತ ಪಕ್ಕದ ಬೀದಿಯವರು ಚಿಲ್ಲರೆ ಎಣಿಸಿಕೊಂಡು ಹೊರಟ ಮೇಲೆ.

"ಅಕ್ಕಾ, ಮೊಬೈಲಲ್ಲಿ ನೋಡ್ದೆ, ಇದು ಕ್ಯಾನ್ಸರ್ ಮಾತ್ರೆಯಂತಲ್ಲ?" ಲೆಟ್ರೊಜೋಲ್ ಕೊಟ್ಟಾಗೆಲ್ಲ ಇದೇ ಮಾತು. ಸ್ತನ ಕ್ಯಾನ್ಸರಿಗೂ ಕೊಡುವುದು ನಿಜ, ಮುಚ್ಚಿಟ್ಟರೆ ಭಯ ಹೆಚ್ಚುತ್ತದೆ. ಮಾತ್ರೆ ಈಸ್ಟ್ರೋಜನ್ ತಯಾರಾಗದಂತೆ ತಡೆಯುತ್ತದೆ. ಅದು ಕಡಿಮೆಯಾಯಿತೆಂದು ಮೆದುಳು ಅಂಡಾಶಯಕ್ಕೆ ಇನ್ನಷ್ಟು ಚುರುಕು ಮುಟ್ಟಿಸುತ್ತದೆ, ಅಂಡ ಬೆಳೆಯುತ್ತದೆ. ಇಷ್ಟು ಹೇಳಿದರೆ ಮುಖ ಸಡಿಲಾಗುತ್ತದೆ. ಬಂಜೆತನದ ಚಿಕಿತ್ಸೆಗೆ ಇದನ್ನು ಬಳಸಬಾರದೆಂದು ಕೇಂದ್ರ ಸರ್ಕಾರ 2011ರಲ್ಲಿ ನಿಷೇಧಿಸಿತ್ತು, 2017ರಲ್ಲಿ ನಿಷೇಧ ತೆಗೆಯಿತು. ಹಳೇ ಸುದ್ದಿ ಮಾತ್ರ ಮೊಬೈಲಿನಿಂದ ಮೊಬೈಲಿಗೆ ಇನ್ನೂ ಓಡಾಡುತ್ತಿದೆ. ಪಿ.ಸಿ.ಓ.ಎಸ್. ಇದ್ದು ಅಂಡ ಬಿಡುಗಡೆಯಾಗದವರಿಗೆ ಇವತ್ತು ಮೊದಲು ಬರೆಯುವ ಮಾತ್ರೆಯೇ ಇದು.

ಚೀಟಿಯಲ್ಲಿ "ಎರಡನೇ ದಿನದಿಂದ ಐದು ದಿನ" ಎಂದಿರುತ್ತದೆ. ಯಾವುದರಿಂದ ಎರಡನೇ ದಿನ? ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡ ಮೇಲೆ ಲೆಕ್ಕ ಶುರು ಮಾಡುವವರು ನಮ್ಮ ಕಡೆ ಬೇಕಾದಷ್ಟು ಜನ. ಹಾಗಾಗಿ ಕ್ಯಾಲೆಂಡರ್ ತೆಗೆದು, ಸರಿಯಾಗಿ ಸ್ರಾವ ಶುರುವಾದ ದಿನವೇ ಒಂದನೇ ದಿನವೆಂದು ಬೆರಳಿಟ್ಟು ತೋರಿಸುತ್ತೇನೆ. ಎಚ್‌ಸಿಜಿ ಇಂಜೆಕ್ಷನ್ನಿಗಂತೂ ಗಂಟೆಯ ಲೆಕ್ಕ: ಚುಚ್ಚಿದ ಸುಮಾರು 36 ಗಂಟೆಗೆ ಅಂಡ ಬಿಡುಗಡೆಯಾಗುತ್ತದೆ. ನಮ್ಮಲ್ಲಿ ಸಿಗುವುದನ್ನು 2ರಿಂದ 8 ಡಿಗ್ರಿಯಲ್ಲೇ ಇಡಬೇಕು. ಫ್ರಿಜ್ಜಿಲ್ಲದ ಮನೆಯಾದರೆ ನನ್ನಲ್ಲೇ ಇರಲಿ, ಹಾಕಿಸುವ ಹೊತ್ತಿಗೆ ಐಸ್ ಪ್ಯಾಕಿನ ಜೊತೆ ಒಯ್ಯಿರಿ ಎನ್ನುತ್ತೇನೆ.

ಗಂಡಸರು ನನ್ನನ್ನು ಕೇಳುವುದಿಲ್ಲ. ಅಂಗಡಿ ಹುಡುಗನ ಕಿವಿಯಲ್ಲಿ ಪಿಸುಗುಟ್ಟುತ್ತಾರೆ, ಉತ್ತರ ನಾನು ಕೊಡುತ್ತೇನೆ. ಹೆಂಡತಿಗೆ ಸ್ಕ್ಯಾನಿಂಗ್ ಮೇಲೆ ಸ್ಕ್ಯಾನಿಂಗ್ ಆಗಿರುತ್ತದೆ, ಇವರ ವೀರ್ಯ ಪರೀಕ್ಷೆ ಒಂದೂ ಆಗಿರುವುದಿಲ್ಲ. ಆ ಪರೀಕ್ಷೆಗೆ ಖರ್ಚೂ ಕಡಿಮೆ, ನೋವೂ ಇಲ್ಲ. ಇರುವುದು ಮರ್ಯಾದೆಯ ಅಂಜಿಕೆ. ಜಿಮ್ಮಿನಲ್ಲಿ ಯಾರೋ ಹೇಳಿದರೆಂದು ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಕೇಳಿಕೊಂಡು ಬರುವ ಹುಡುಗರೂ ಇದ್ದಾರೆ. ಗಂಡಸುತನ ಹೆಚ್ಚುತ್ತದೆಂದು ಅವರ ನಂಬಿಕೆ, ಆದರೆ ಹೊರಗಿನಿಂದ ತುಂಬಿದ ಹಾರ್ಮೋನು ವೀರ್ಯಾಣುವನ್ನೇ ಇಳಿಸಿಬಿಡುತ್ತದೆ. ನಿಲ್ಲಿಸಿದರೂ ಚೇತರಿಕೆಗೆ ತಿಂಗಳುಗಳು ಬೇಕು. ಡಾಕ್ಟರ ಚೀಟಿಯಿಲ್ಲದೆ ನಾನು ಅದನ್ನು ಕೊಡುವುದಿಲ್ಲ; ಮದುವೆಯಾಗಿದೆಯೇ ಎಂದು ಕೇಳಿ ಕಾರಣವನ್ನೂ ಹೇಳಿ ಕಳಿಸುತ್ತೇನೆ.

ಇನ್ನು ಅತ್ತೆಯಂದಿರು. "ನಮ್ಮ ಸೊಸೆಗೆ ಯಾವ ಮಾತ್ರೆ ಕೊಟ್ರಿ, ದೋಷ ಯಾರದಂತೆ?" ಚೀಟಿ ಯಾರ ಹೆಸರಲ್ಲಿದೆಯೋ ಅವರಿಗೇ ಹೇಳುವುದಮ್ಮಾ ಎಂದರೆ ಸಿಟ್ಟು. ಒಬ್ಬರು ಅಂದಿನಿಂದ ಸಕ್ಕರೆ ಕಾಯಿಲೆ ಮಾತ್ರೆಯನ್ನೂ ಎದುರಿನ ಅಂಗಡಿಯಲ್ಲೇ ಕೊಳ್ಳುತ್ತಿದ್ದಾರೆ. ಕೊಳ್ಳಲಿ. ಅವರ ಸೊಸೆ ಈಗಲೂ ನನ್ನ ಹತ್ತಿರವೇ ಬರುತ್ತಾಳೆ.