ಕೊಕ್ಕರೆ ರೋಗವೂ ಜೀವಕೋಶದ ಕತ್ತರಿಯೂ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಹಳ್ಳಿಗಳಲ್ಲಿ ಹಿತ್ತಲಿನ ಜವಾರಿ ಕೋಳಿಗಳು ಮನೆಯ ಹೆಣ್ಣುಮಕ್ಕಳ ಸ್ವಂತ ಗಂಟು. ತತ್ತಿ ಮಾರಿ ಬಂದ ದುಡ್ಡು ಎಷ್ಟೋ ಸಾರೆ ಮಗಳ ಪಾಟಿ-ಪುಸ್ತಕಕ್ಕೆ ಒದಗುವದು. ಆದರೆ ಕೊಕ್ಕರೆ ರೋಗವು ಹೊಕ್ಕಿತೆಂದರೆ ಕೆಲವೇ ದಿನಗಳಲ್ಲಿ ಗೂಡು ಬರಿದಾಗುವದು. ಕೋಳಿಗಳು ಬಾಯಿ ತೆರೆದು ಏದುಸಿರು ಬಿಡುವವು, ಹಸಿರು ಭೇದಿಯಾಗುವದು, ಕುತ್ತಿಗೆ ತಿರುಚಿಕೊಂಡು ಸಾಯುವವು. ಹಿಮಾಲಯ ಸೀಮೆಯ ರಾಣಿಖೇತ ಊರಿನ ಹೆಸರೂ ಈ ರೋಗಕ್ಕುಂಟು. ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿ 1926ರಲ್ಲಿ ಇದೇ ರೋಗವು ಕಂಡುಬಂದಿತು.

ಇದರ ಮೂಲವು ಒಂದು ವೈರಾಣು. ಅದಕ್ಕೆ ಸ್ವಂತ ಮನೆಯಿಲ್ಲ, ಒಲೆಯಿಲ್ಲ. ಕೋಳಿಯ ಜೀವಕೋಶವನ್ನು ಹೊಕ್ಕು, ಅಲ್ಲಿಯ ಸಾಮಗ್ರಿಯಿಂದಲೇ ಹೊಸ ವೈರಾಣುಗಳನ್ನು ಮಾಡಿಸಿಕೊಳ್ಳುವದು. ಅವು ಮತ್ತೊಂದು ಕೋಶವನ್ನು ಹೊಗುವದಕ್ಕೆ ಅವುಗಳ ಮೈಮೇಲಿನ ಒಂದು ಪ್ರೋಟೀನು ಸಹಾಯಕವಾಗಿದೆ. ಈ ಪ್ರೋಟೀನು ಒಂದೇ ತುಂಡಾಗಿ ಹುಟ್ಟುವದು; ಗೊತ್ತಾದ ಸ್ಥಳದಲ್ಲಿ ಕತ್ತರಿಸಲ್ಪಟ್ಟ ಹೊರತು ಕೆಲಸಕ್ಕೆ ಬಾರದು. ವೈರಾಣುವಿನ ಬಳಿ ಕತ್ತರಿಯಿಲ್ಲ. ಕೋಳಿಯ ಕೋಶದಲ್ಲಿರುವ ಫ್ಯೂರಿನ್ ಎಂಬ ಕಿಣ್ವವೇ ಆ ಕೆಲಸ ಮಾಡಿಕೊಡುವದು.

ಹಾಗಾದರೆ ಫ್ಯೂರಿನ್ನನ್ನೇ ತೆಗೆದುಬಿಡಬಾರದೇಕೆ? ಅದು ದೇಹದ ಬೆಳವಣಿಗೆಗೆ ಬೇಕಾದ ಅನೇಕ ಪ್ರೋಟೀನುಗಳನ್ನು ಹದಗೊಳಿಸುವ ಸೇವಕ. ದೇವರು ದೇಹದ ಕ್ಷೇಮಕ್ಕಾಗಿ ಇಟ್ಟ ಕತ್ತರಿಯನ್ನೇ ಕಳ್ಳನು ಬಳಸುತ್ತಿರುವನು. ನಮ್ಮ ದೇಹದಲ್ಲಿಯೂ ಫ್ಯೂರಿನ್ ಉಂಟು. ಚಿಕೂನ್‌ಗುನ್ಯಾದ ವೈರಾಣುವೂ, 2020ರಲ್ಲಿ ಲೋಕವನ್ನು ನಡುಗಿಸಿದ ಕೋವಿಡ್ ವೈರಾಣುವೂ ಅದನ್ನು ಹೀಗೆಯೇ ಉಪಯೋಗಿಸಿಕೊಳ್ಳುವವು.

ಈಗ ವಿಚಾರದ ಸಾರವನ್ನು ಗಮನಿಸಿರಿ. ಫ್ಯೂರಿನ್ ದೇಹದ ಬಹುತೇಕ ಎಲ್ಲ ಕೋಶಗಳಲ್ಲಿ ಇರುವದರಿಂದ ಉಗ್ರ ತಳಿಯ ವೈರಾಣುವು ಮಿದುಳಿನವರೆಗೂ ಹಬ್ಬುವದು. ಇದೇ ವೈರಾಣುವಿನ ಸೌಮ್ಯ ತಳಿಗಳೂ ಉಂಟು. ಅವುಗಳ ಪ್ರೋಟೀನಿನ ಕತ್ತರಿಸುವ ಸ್ಥಳವು ಸ್ವಲ್ಪ ಬೇರೆಯಾಗಿರುವದರಿಂದ ಫ್ಯೂರಿನ್ನಿಗೆ ಗುರುತು ಸಿಕ್ಕದು. ಉಸಿರುನಾಳ, ಕರುಳುಗಳಲ್ಲಿಯ ಬೇರೆ ಕಿಣ್ವಗಳು ಮಾತ್ರ ಅದನ್ನು ಕತ್ತರಿಸಬಲ್ಲವು. ಆದುದರಿಂದ ಸೌಮ್ಯ ತಳಿಯು ಅಲ್ಲಿಯಷ್ಟೇ ಬೆಳೆದು, ಕೋಳಿಯನ್ನು ಕೊಲ್ಲದೆ, ಉಗ್ರ ತಳಿಯನ್ನು ಎದುರಿಸುವ ಶಕ್ತಿಯನ್ನು ಕಲಿಸಿಹೋಗುವದು. ಲಸೋಟಾ ಎಂಬ ಲಸಿಕೆಯು ಇಂಥ ಸೌಮ್ಯ ತಳಿಯೇ.

ರೋಗ ತಗಲಿದ ಮೇಲೆ ಇದಕ್ಕೆ ಔಷಧವಿಲ್ಲ. ಮರಿಗಳಿಗೆ ಮೊದಲ ವಾರದಲ್ಲಿಯೇ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ ಲಸಿಕೆ ಹಾಕಿಸತಕ್ಕದ್ದು. ಪಶುವೈದ್ಯರು ಹೇಳಿದ ದಿನ ಮರಳಿ ಹಾಕಿಸತಕ್ಕದ್ದು. ಲಸಿಕೆಯನ್ನು ತಂಪಿನಲ್ಲಿಯೇ ತರಬೇಕು. ಬಿಸಿಲು ತಾಗಿದರೆ ಅದು ನಿಷ್ಫಲವಾಗುವದು. ಸಂತೆಯಿಂದ ತಂದ ಕೋಳಿಯನ್ನು ಕೆಲವು ದಿನ ಬೇರೆಯಾಗಿಡಿರಿ. ಸತ್ತ ಕೋಳಿಯನ್ನು ತಿಪ್ಪೆಗೆ ಎಸೆಯದೆ ಆಳವಾಗಿ ಹೂಳಿರಿ.

ನಮ್ಮ ಶಾಲೆಯಲ್ಲಿ ಕಲಿತ ಹೆಣ್ಣುಮಗಳು ಈ ಮಾತನ್ನು ನೆರೆಮನೆಯ ತಾಯಿಗೆ ತಿಳಿಸಿದರೆ, ಆ ತಾಯಿಯ ಗಂಟು ಉಳಿಯುವದು. ಅವಳ ಮಗಳ ಪಾಟಿ-ಪುಸ್ತಕವೂ ಉಳಿಯುವದು.