ಎರೆಭೂತ

ದುರ್ಗಿಗುಡಿಯವರಾದ ನಮಗೆ ಕಾಡೆಂದರೆ ಮರಗಳ ಗುಂಪೇ ಸರಿ. ಉತ್ತರಕ್ಕಿರುವ ರಾಣೇಬೆನ್ನೂರಿನ ಹುಲ್ಲುಬಯಲು ಹಾಗಲ್ಲ. ಅಲ್ಲಿ ಎರೆಭೂತ, ಅಂದರೆ ಎರ್ಲಡ್ಡು ಎಂಬ ಮಹಾಪಕ್ಷಿಯು ವಾಸಿಸುತ್ತಿದ್ದಿತು. ಗಂಡಿನ ತೂಕವು 15 ಕಿಲೋಗ್ರಾಮಿನವರೆಗೂ ಉಂಟು. ಹಿಂಬೆರಳಿಲ್ಲದುದರಿಂದ ಇದು ಮರವನ್ನೇರದು. ನೆಲದ ಮೇಲೆಯೇ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನಿಟ್ಟು, ದೂರದ ಶತ್ರುವನ್ನು ಕಂಡು ಬದುಕುವುದು. ಆ ಬಯಲನ್ನು ಬರಡೆಂದೆಣಿಸಿ ನೀಲಗಿರಿ ಸಸಿಗಳನ್ನು ನೆಟ್ಟರು. 1974ರಲ್ಲಿ ಅದನ್ನು ಕೃಷ್ಣಮೃಗಧಾಮವೆಂದು ಸಾರಿದರೂ ಮರಗಳು ನಿಂತೇ ಇದ್ದವು. ಮೃಗಗಳು ಉಳಿದುವು, ಹಕ್ಕಿಯು ಮರೆಯಾಯಿತು. ಮರ ನೆಡುವುದು ಎಲ್ಲೆಡೆಯೂ ಪುಣ್ಯವೆಂದು ನಂಬಿದ್ದ ನನಗೆ ಇದು ಕಹಿಯಾದ ಪಾಠ. ನಮ್ಮ ರಾಜ್ಯದಲ್ಲಿ ಇತ್ತೀಚಿನ ವರ್ಷಗಳಲ್ಲಿ ಸಿರುಗುಪ್ಪದ ಸುತ್ತ ಕೆಲವೇ ಹಕ್ಕಿಗಳು ಕಂಡಿವೆ. ರಾಜಸ್ಥಾನದ ಜೈಸಲ್ಮೇರಿನಲ್ಲಿ 2019ರಿಂದ ಮೊಟ್ಟೆಗಳನ್ನು ಕಾವುಪೆಟ್ಟಿಗೆಯಲ್ಲಿಟ್ಟು ಮರಿಮಾಡಿಸಿ ಸಾಕುತ್ತಿದ್ದಾರೆ. ಆ ಮರಿಗಳನ್ನು ಮುಂದೆ ಬಿಡಲು ಬಯಲು ಬೇಕು.